ಒತ್ತಿ ನೋಡಿದ ಗುಳ್ಳೆ

ಕಲಬುರಗಿಯ ಬಿಸಿಲು ತಡೆಯಲಾಗದಷ್ಟು ಏರಿದ ಮೇಲೆ ಜನರೆಲ್ಲ ಕಾರ್ಖಾನೆಯಲ್ಲಿ ಬೆಳೆಸಿದ ಚರ್ಮವನ್ನು ಮೈಗೆ ಅಂಟಿಸಿಕೊಂಡು ಓಡಾಡುತ್ತಿದ್ದರು. ಬಸ್ ಚಾಲಕ ಚೆನ್ನವೀರಪ್ಪ ಅದನ್ನು ಹಾಕಿಸಿಕೊಂಡು ಇಪ್ಪತ್ತು ವರ್ಷವಾಗಿತ್ತು. ಈಗ ಅವನ ಎದೆಯ ತುಂಬ ನೀರುಗುಳ್ಳೆಗಳೆದ್ದಿದ್ದವು.

ಡಾಕ್ಟರ್ ಫರ್ಜಾನಾ ಒಂದು ಗುಳ್ಳೆಯನ್ನು ಮೆಲ್ಲಗೆ ಒತ್ತಿದರು. ಒಳಗಿನ ನೀರು ಪಕ್ಕಕ್ಕೆ ಸರಿದು ಗುಳ್ಳೆ ಅಗಲವಾಯಿತು. ಗುಳ್ಳೆಯಿಲ್ಲದ ಕಡೆ ಬೆರಳಿನಿಂದ ಉಜ್ಜಿದಾಗ ಮೇಲಿನ ಪದರವೇ ಜಾರಿ ಬಂತು.

“ಇದು ನಂದೋ, ಹಾಕ್ಕೊಂಡಿದ್ದೋ ಮೇಡಂ?” ಎಂದು ಚೆನ್ನವೀರಪ್ಪ ಗಾಬರಿಯಾಗಿ ಕೇಳಿದ. “ಹಾಕ್ಕೊಂಡಿದ್ದಾದ್ರ ಇವತ್ತೇ ಬದಲಿ ಮಾಡಿಸ್ತೀನ್ರಿ. ನಾಳೆ ಡ್ಯೂಟಿ ಅದ.”

“ಅದೇ ನನಗೂ ತಿಳೀವಲ್ದು. ಹಳೇದಾದ್ರ ಅದೂ ಹಿಂಗೇ ಜಾರ್ತದ. ಉಜ್ಜಿದಲ್ಲಿ ಉರೀತದೇನು?”

“ಇದನ್ನ ಹಾಕ್ಕೊಂಡ ಮ್ಯಾಲೆ ಮೈ ಉರಿಯೋದು ಹೆಂಗಿರ್ತದಂತನೇ ಮರ್ತೀನ್ರಿ.”

ಫರ್ಜಾನಾ ಟಾರ್ಚ್ ಕೈಗೆತ್ತಿಕೊಂಡರು. “ಬಾಯಿ ತೆಗೀರಿ. ಅಲ್ಲಿ ಯಾರೂ ಏನೂ ಅಂಟಿಸಿಲ್ಲ.”

ಒಸಡು, ಕೆನ್ನೆಯ ಒಳಭಾಗ ಎಲ್ಲವೂ ಹುಣ್ಣಾಗಿದ್ದವು.

“ಖಾರ ತಿಂದು ಆಗ್ಯಾವ ಅನ್ಕೊಂಡಿದ್ದೆ” ಎಂದ ಚೆನ್ನವೀರಪ್ಪ.

“ಖಾರಕ್ಕಲ್ರಿ, ಮೈಮ್ಯಾಲಿನ ರೋಗನೇ ಬಾಯಾಗೂ ಅದ. ಜಾರ್ತಿರೋದು ನಿಮ್ಮ ಚರ್ಮನೇ. ಹಿಂಗೇ ಬಿಟ್ರ ಜೀವಕ್ಕೇ ಬರ್ತದ. ಇವತ್ತೇ ಅಡ್ಮಿಟ್ ಆಗ್ರಿ, ಔಷಧ ಅದ.”

ವಾರ್ಡಿನಲ್ಲಿ ನರ್ಸ್ ಅವನ ಎದೆಗೆ ಅಂಟಿಸಿದ್ದ ಕಾರ್ಖಾನೆಯ ಚರ್ಮವನ್ನು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿದಳು. ಬರಿಮೈಗೆ ಫ್ಯಾನಿನ ಗಾಳಿ ತಾಕಿದ್ದೇ ಅವನ ಕಣ್ಣಲ್ಲಿ ನೀರು ಬಂತು.

“ಭಾಳ ನೋಯ್ತದೇನ್ರಿ?” ಎಂದು ನರ್ಸ್ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದಳು.

“ನೋವೋ ತಂಪೋ ಗೊತ್ತಾಗವಲ್ದವ್ವಾ” ಎಂದ ಚೆನ್ನವೀರಪ್ಪ. “ಬಂದ್ ಮಾತ್ರ ಮಾಡಬ್ಯಾಡ.”