ಕೊಠಡಿ ಮೇಲ್ವಿಚಾರಕ

"ಎಲ್ಲರೂ ಕಣ್ಣು ಮುಚ್ಚಿ" ಎಂದ ಹೊಸ ಗುರುಗಳು ತಾವು ಮಾತ್ರ ಎದ್ದು ನಿಂತರು. ಬಾಡಿಗೆಗೆ ಹಿಡಿದ ನೃತ್ಯಶಾಲೆಯ ಮರದ ನೆಲದ ಮೇಲೆ ಶಿಷ್ಯರು ಸಾಲಾಗಿ ಕೂತಿದ್ದರು. ಸಾಲು ಕಂಡದ್ದೇ ತಡ, ಗುರುಗಳ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು, ಕಾಲು ಚಪ್ಪಲಿ ಸದ್ದು ಮಾಡುತ್ತ ಸಾಲಿನ ನಡುವೆ ನಡೆಯತೊಡಗಿತು. ಬೇಕರಿಯವನೊಬ್ಬ ಪಕ್ಕದವಳತ್ತ ಅರೆಗಣ್ಣು ಬಿಟ್ಟದ್ದು ಕಂಡಿತು. ಮೆಲ್ಲಗೆ ಹೋಗಿ ಅವನ ಹೆಗಲ ಮೇಲೆ ಬೆರಳಿಟ್ಟರು. ಪರೀಕ್ಷೆಯಲ್ಲಿ ನಕಲು ಹೊಡೆಯುವವರನ್ನು ಅವರು ಹಾಗೆಯೇ ಹಿಡಿಯುತ್ತಿದ್ದುದು.

ಪಾಶ್ಚಾತ್ಯ ತತ್ವಶಾಸ್ತ್ರ ಪಾಠ ಮಾಡಿ ಮಾಡಿ ಬೇಸತ್ತು, ಪೂರ್ವದ ಆಶ್ರಮವೊಂದರಲ್ಲಿ ಕೆಲಕಾಲ ಕೂತು ಬಂದ ಪ್ರೊಫೆಸರರಿಗೆ ಗುರುವಾಗಿ ಇದು ಮೊದಲ ದಿನ. "ಚೂರು ನಾಟಕ ಅನ್ನಿಸಿದ್ರೂ ಅಂಗಡಿ ಮುಚ್ಚಿ ಯೂನಿವರ್ಸಿಟಿಗೆ ವಾಪಸ್ ಹೋಗ್ತೀನಿ" ಎಂದು ದಂತವೈದ್ಯೆ ಹೆಂಡತಿಗೆ ಮಾತು ಕೊಟ್ಟಿದ್ದರು. ಆಕೆ ಹಿಂದಿನ ಸಾಲಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು.

"ಏನ್ರೀ ಇದು, ಪರೀಕ್ಷೆನಾ?" ಎಂದು ಹತ್ತಿರ ಬಂದ ಗಂಡನಿಗೆ ಪಿಸುಗುಟ್ಟಿದಳು.

ಗುರುಗಳಿಗೆ ಆಗ ಎಚ್ಚರವಾಯಿತು. ಗೋಡೆಗನ್ನಡಿಯಲ್ಲಿ ಬಿಳಿ ನಿಲುವಂಗಿ ತೊಟ್ಟ ಅದೇ ಹಳೇ ಮೇಷ್ಟ್ರು ನಿಂತಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಧ್ಯಾನ ಮುಗಿದದ್ದೇ ಬೇಕರಿಯವನು ಗಳಗಳನೆ ಅತ್ತ. "ಗುರುಗಳೇ, ನೀವು ಹೆಗಲು ಮುಟ್ಟಿದ್ರಲ್ಲ, ಎದೆಯ ಭಾರವೆಲ್ಲ ಇಳಿದುಹೋಯ್ತು!"

"ಅಯ್ಯೋ, ಹಾಗೇನಿಲ್ಲಪ್ಪ. ನೀನು ಪಕ್ಕದವಳನ್ನ ನೋಡ್ತಿದ್ದೆ. ನಾನು ಪರೀಕ್ಷೆ ಹಾಲ್‌ನಲ್ಲಿ ಓಡಾಡೋ ಹಾಗೆ ಓಡಾಡ್ತಿದ್ದೆ. ಹಳೇ ಚಾಳಿ, ಅಷ್ಟೆ."

"ನಾನು ನೋಡಿದ್ದೂ ಗೊತ್ತಾಯ್ತಾ! ನಿಮ್ಮಿಂದ ಏನನ್ನೂ ಮುಚ್ಚಿಡೋಕಾಗಲ್ಲ!" ಎಂದು ಅವನು ಇನ್ನಷ್ಟು ಅತ್ತ.

"ಎಂಥ ವಿನಯ!" ಎಂದು ಪಕ್ಕದವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಗುರುಗಳು ಮತ್ತೆ ಮತ್ತೆ ಬಿಡಿಸಿ ಹೇಳಿದರು. ಹೇಳಿದಷ್ಟೂ ಶಿಷ್ಯರ ಮುಖ ಅರಳುತ್ತಲೇ ಹೋಯಿತು.

ಮನೆಗೆ ಹೋಗುವಾಗ ಕಾರು ಓಡಿಸುತ್ತಿದ್ದ ಹೆಂಡತಿ ಕೇಳಿದಳು: "ನೀವು ನಿಜಾನೇ ಹೇಳಿದ್ರಿ, ಒಪ್ಪಿದೆ. ಆದ್ರೆ ಅವರು ನಂಬಿದ್ದು ಸುಳ್ಳನ್ನ ತಾನೆ? ಈಗ ನೀವು ಕೊಟ್ಟ ಮಾತಿನ ಕಥೆ ಏನು?"

ಗುರುಗಳು ಅಷ್ಟು ವರ್ಷ ಗಂಟಲು ಹರಿದುಕೊಂಡು ಪಾಠ ಮಾಡಿದರೂ ಒಬ್ಬ ವಿದ್ಯಾರ್ಥಿಯೂ ಅವರನ್ನು ಈ ಶಿಷ್ಯರ ಹಾಗೆ ನೋಡಿರಲಿಲ್ಲ. ಆ ನೋಟ ಅವರಿಗೆ ಬಹಳ ಹಿಡಿಸಿತ್ತು. ಅದು ತಮಗೇ ಗೊತ್ತಾಗಿ ಮೈ ಹಿಡಿಯಾಯಿತು.

"ಅಲ್ಲ ಕಣೇ," ಎಂದರು, "ಸಾಲಿನ ನಡುವೆ ನಡೆದರೆ ಸದ್ದಾಗದಂಥ ಚಪ್ಪಲಿ ಯಾವ ಅಂಗಡೀಲಿ ಸಿಗುತ್ತೆ?"