ಹತ್ತರಲ್ಲಿ ಒಂದು ಇಂಜೆಕ್ಷನ್ ಕಾಣೆಯಾಗಿತ್ತು

ಕಪಾಟಿನ ಮುಂದೆ ನಿಂತು ವಿದ್ಯಾಶ್ರೀ ಮೂರನೆಯ ಬಾರಿ ಎಣಿಸಿದಳು... ಒಂಬತ್ತು.

ಸೋಮವಾರ ಮೆಡಿಕಲ್ ಶಾಪಿನಿಂದ ತಂದಾಗ ಪೆಟ್ಟಿಗೆಯಲ್ಲಿ ಇದ್ದದ್ದು ಹತ್ತು. ಇಂದು ಗುರುವಾರ. ಅವಳು ಒಂದನ್ನೂ ಮುಟ್ಟಿರಲಿಲ್ಲ.

ಹಾಗಾದರೆ ಹತ್ತನೆಯದು ಎಲ್ಲಿ?

ಅವು ಸಾಮಾನ್ಯ ಇಂಜೆಕ್ಷನ್‌ಗಳಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ದಿನಕ್ಕೊಂದರಂತೆ ತಿಂಗಳುಗಟ್ಟಲೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳಬೇಕಾದ ಸೂಜಿಗಳು.

ಮೂರು ವರ್ಷಗಳಲ್ಲಿ ಮೂರು ಗರ್ಭಗಳು... ಮೂರೂ ಹತ್ತನೆಯ ವಾರ ದಾಟಲಿಲ್ಲ. ಈಗ ನಾಲ್ಕನೆಯದು. ಆರನೆಯ ವಾರ.

ಗದಗಿನ ಡಾಕ್ಟರ್ ಮೃಣಾಲಿನಿ, ಹನ್ನೆರಡು ವಾರಗಳ ಅಂತರದಲ್ಲಿ ಎರಡು ಸಲ ಮಾಡಿಸಿದ್ದ ರಕ್ತಪರೀಕ್ಷೆಯ ವರದಿಗಳನ್ನು ಮುಂದಿಟ್ಟು ವಿವರಿಸಿದ್ದರು. “ನಿಮ್ಮ ರಕ್ತ ಬೇಗ ಹೆಪ್ಪುಗಟ್ಟುತ್ತೆ. ಮಗುವಿಗೆ ಆಹಾರ ಹೋಗೋ ದಾರೀಲೇ ಅಡ್ಡಿಯಾಗುತ್ತೆ. ಈ ಇಂಜೆಕ್ಷನ್, ಜೊತೆಗೊಂದು ಸಣ್ಣ ಮಾತ್ರೆ. ಯೋಚನೆ ಮಾಡಿ... ಆದರೆ ತಡ ಮಾಡಬೇಡಿ.”

ಅತ್ತೆ ದಾಕ್ಷಾಯಣವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಸಿಡಿದಿದ್ದರು.

“ರಕ್ತ ಹೋಗೇ ಮೂರೂ ಕೂಸು ಹೋದುವು. ಈಗ ಇದ್ದ ರಕ್ತಾನೂ ನೀರು ಮಾಡ್ರಿ ಅಂತಾಳಲ್ಲ, ಆಕಿಗೆ ತಲಿ ಐತೇನು? ಅದೂ ಕೂಸಿರೋ ಹೊಟ್ಟಿಗೇ ಸೂಜಿ!”

ಬಸ್ ಕಂಡಕ್ಟರ್ ಆಗಿದ್ದ ಗಂಡ ಮುರುಗೇಶ, “ನೀ ಹೆಂಗಂತಿ ಹಂಗ” ಎಂದು ಡ್ಯೂಟಿಗೆ ಹೊರಟುಹೋಗಿದ್ದ. ಒಪ್ಪಿಗೆಯಂತೆ ಕೇಳಿಸಿದ ಆ ಮಾತು ಅವಳನ್ನು ಇನ್ನಷ್ಟು ಒಂಟಿಯಾಗಿಸಿತ್ತು.

ತೆಗೆದುಕೊಂಡು ರಕ್ತ ಹೋದರೆ ತಾನೇ ಕೊಂದಂತೆ... ತೆಗೆದುಕೊಳ್ಳದೆ ಕಳೆದುಕೊಂಡರೂ ತಾನೇ ಕೊಂದಂತೆ!

ಮೂರು ದಿನ ಹೀಗೆಯೇ ಕಳೆದಿತ್ತು. ಈಗ ಸೂಜಿಯೇ ಮಾಯ. ಇಂದು ಒಂದು... ನಾಳೆ ಉಳಿದ ಒಂಬತ್ತೂ?

ಅವಳು ನೇರವಾಗಿ ಹಿತ್ತಿಲಿಗೆ ನಡೆದಳು.

ಊರಿನ ಖಾನಾವಳಿಗಳಿಗೆಲ್ಲ ಜೋಳದ ರೊಟ್ಟಿ ಮಾಡಿಕೊಡುವ ದಾಕ್ಷಾಯಣವ್ವ ಅಂದು ಒಲೆಯ ಮುಂದೆ ಇರಲಿಲ್ಲ. ಗೋಡೆಗೊರಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಿದ್ದರು.

“ಅತ್ತೀ, ಒಂದು ಇಂಜೆಕ್ಷನ್ ಇಲ್ಲ. ಎಲ್ಲಿ ಒಗದ್ರಿ?”

“ಒಗದಿಲ್ಲ.”

“ಮತ್ತ ಕಾಲು ಬಂದು ಓಡಿ ಹೋತೇನ್ರಿ ಅದು?”

“ಬಾಯಿ ಮಾಡಬ್ಯಾಡ. ಹೊಟ್ಟ್ಯಾಗ ಕೂಸೈತಿ.”

“ಅದಕ್ಕೇ ಕೇಳಾಕತ್ತೀನ್ರಿ! ನಿಮಗ ಈ ಕೂಸು ಬ್ಯಾಡೇನು?”

ಆಡಿದ ಮರುಕ್ಷಣವೇ ವಿದ್ಯಾಶ್ರೀ ತುಟಿ ಕಚ್ಚಿಕೊಂಡಳು. ದಾಕ್ಷಾಯಣವ್ವ ಮೆಲ್ಲನೆ ಸೆರಗು ಸರಿಸಿದರು.

ಹೊಕ್ಕುಳಿನ ಪಕ್ಕದಲ್ಲಿ ನೀಲಿಗಟ್ಟಿದ ಒಂದು ಕಲೆ!

“ನಿನ್ನೆ ಚುಚ್ಚಿಕೊಂಡೆ. ದವಾಖಾನ್ಯಾಗ ಆ ನರ್ಸಮ್ಮ ನಿನಗ ತೋರಿಸೂವಾಗ ನಾನೂ ನೋಡಿದ್ನಲ್ಲ... ಹಿಂಗ ಚರ್ಮ ಚಿವುಟಿ ಹಿಡಿದು.”

“ಯಾಕ್ರೀ ಅತ್ತೀ...”

“ನಲವತ್ತು ವರ್ಷಾತು, ಮೊದಲನೇ ರೊಟ್ಟಿ ನಾ ತಿಂದು ನೋಡದ ಒಬ್ಬರಿಗೂ ಕಳಿಸಿಲ್ಲ. ಮಂದಿ ತಿನ್ನೋ ರೊಟ್ಟಿಗೇ ಅಷ್ಟು ಮಾಡ್ತೀನಿ. ನಿನ್ನ ಹೊಟ್ಟಿಗೆ ಹಾಕೋದನ್ನ ನೋಡದ ಹೆಂಗ ಬಿಡ್ಲಿ? ರಕ್ತ ಹೋಗೋದಿದ್ರ ಮೊದಲು ನಂದು ಹೋಗ್ಲಿ ಅಂದೆ...”

ವಿದ್ಯಾಶ್ರೀ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮೂರು ದಿನದಿಂದ ತನ್ನ ಎದುರಿಗೆ ನಿಂತವರೆಂದು ತಿಳಿದಿದ್ದವರು... ತನ್ನಷ್ಟೇ ಹೆದರಿದ್ದರು.

ಅರ್ಧ ಗಂಟೆಯಲ್ಲಿ ಇಬ್ಬರೂ ಡಾಕ್ಟರ್ ಎದುರಿಗಿದ್ದರು. ಪರೀಕ್ಷಿಸಿ, ಅಪಾಯವಿಲ್ಲವೆಂದು ಖಚಿತವಾದ ಮೇಲೆ ಮೃಣಾಲಿನಿ ಗದರಿದರು.

“ಬೇರೆಯವರ ಔಷಧಿ ನೀವು ತಗೊಳ್ಳೋದಾ? ಹೊಟ್ಟೆಯಲ್ಲಿ ಹುಣ್ಣಿದ್ದು ರಕ್ತ ಹರಿದಿದ್ದರೆ ಏನು ಗತಿ? ನಿಮಗೆ ಏನೂ ಆಗಲಿಲ್ಲ ಅನ್ನೋದು ನಿಮ್ಮ ಅದೃಷ್ಟ ಅಷ್ಟೇ. ಅದರಿಂದ ಸೊಸೆಯ ಬಗ್ಗೆ ಏನೂ ಗೊತ್ತಾಗಲ್ಲ.”

“ಬೈರಿ... ಬೈಸ್ಕೊಳಾಕ ಬಂದೀನಿ. ಆದ್ರ ಒಂದು ಹೇಳ್ರಿ. ಕೂಸಿಗೆ ಇದು ಮುಟ್ಟತೈತೇನು?”

ಡಾಕ್ಟರ್ ದನಿ ಮೆತ್ತಗಾಯಿತು. “ಇಲ್ಲಮ್ಮ. ಸೂಜಿ ಚರ್ಮದ ಕೆಳಗಿನ ಕೊಬ್ಬಿನ ತನಕ ಮಾತ್ರ. ಈ ಇಂಜೆಕ್ಷನ್, ತಾಯಿಯನ್ನೂ ಮಗುವನ್ನೂ ಜೋಡಿಸೋ ಮಾಸು ದಾಟಿ ಮಗುವಿನ ರಕ್ತಕ್ಕೆ ಹೋಗಲ್ಲ.”

“ನನಗ ರಕ್ತ ಕಂಡ್ರ, ಮೇಡಂ?” ವಿದ್ಯಾಶ್ರೀ ಕೇಳಿದಳು.

“ಒಂದು ಹನಿ ಕಂಡರೂ ತಕ್ಷಣ ಫೋನ್ ಮಾಡಿ. ನಡುನಡುವೆ ಬ್ಲಡ್ ಟೆಸ್ಟ್ ಮಾಡ್ತೀನಿ. ಯಾವಾಗ ನಿಲ್ಲಿಸಬೇಕು ಅಂತಲೂ ನಾನೇ ಹೇಳ್ತೀನಿ.”

ವಿದ್ಯಾಶ್ರೀಗೆ ಉಳಿದದ್ದು ಒಂದೇ ಪ್ರಶ್ನೆ.

“ಇಷ್ಟೆಲ್ಲ ಮಾಡಿ... ಇದೂ ಹೋದ್ರ?”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಹೋಗಬಹುದು. ಸುಳ್ಳು ಹೇಳಲ್ಲ. ಆದರೆ ಈ ಚಿಕಿತ್ಸೆ ತಗೊಂಡ ನಿಮ್ಮಂಥವರಲ್ಲಿ ಹೆಚ್ಚಿನವರು ಮಗು ಎತ್ತಿಕೊಂಡು ಮನೆಗೆ ಹೋಗಿದ್ದಾರೆ. ಇನ್ನೊಂದು ಮಾತು... ಹಿಂದಿನ ಮೂರೂ ನಿಮ್ಮ ತಪ್ಪಲ್ಲ.”

ಮೂರು ವರ್ಷಗಳಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

“ಇವತ್ತೇ ಶುರು ಮಾಡೂಣ್ರಿ,” ಎಂದಳು. “ನಾನೇ ಹಾಕ್ಕೋತೀನಿ.”

ಸೂಜಿ ಒಳಹೋದಾಗ ಕಣ್ಣು ಮುಚ್ಚಿಕೊಂಡದ್ದು ದಾಕ್ಷಾಯಣವ್ವ!

ಹತ್ತನೆಯ ವಾರ ಬಂತು... ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ.

ಹನ್ನೊಂದು ಬಂತು... ಹನ್ನೆರಡೂ ದಾಟಿತು...

ಹದಿನಾಲ್ಕನೆಯ ವಾರದ ಸ್ಕ್ಯಾನಿಂಗ್. ಡಾಕ್ಟರ್ ಪರದೆಯನ್ನೇ ನೋಡುತ್ತ ಸಾಧನವನ್ನು ಹೊಟ್ಟೆಯ ಮೇಲೆ ಅತ್ತಿತ್ತ ಸರಿಸಿದರು. ವಿದ್ಯಾಶ್ರೀ ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದಳು.

ಡಾಕ್ಟರ್ ಒಂದು ಗುಂಡಿ ಒತ್ತಿದರು.

ದಡದಡ... ದಡದಡ... ದಡದಡ...

“ಏನ್ರಿ ಇದು, ಕುದುರಿ ಓಡಿದಂಗ?” ದಾಕ್ಷಾಯಣವ್ವ ಗಾಬರಿಯಾದರು.

“ನಿಮ್ಮ ಕೂಸಿನ ಎದೆಬಡಿತ, ಅಮ್ಮ.”

ಅವರು ಸೆರಗನ್ನು ಬಾಯಿಗೊತ್ತಿಕೊಂಡರು.

“ಓಡ್ಲಿ ಬಿಡ್ರಿ... ಓಡ್ಲಿ.”

ಹೆದರಿಕೆಯನ್ನು ಮನಸ್ಸಿನಲ್ಲೇ ಬಚ್ಚಿಟ್ಟರೆ ಅದೇ ತೀರ್ಮಾನವಾಗಿಬಿಡುತ್ತದೆ. ಬಲ್ಲವರ ಮುಂದಿಟ್ಟರೆ ಅದು ಕೇವಲ ಒಂದು ಪ್ರಶ್ನೆ, ಪ್ರಶ್ನೆಗೆ ಉತ್ತರವುಂಟು.

ನಿಮ್ಮ ಮನೆಯಲ್ಲಿ “ಬೇಡ” ಎಂದು ಗಟ್ಟಿಯಾಗಿ ಹೇಳುತ್ತಿರುವವರು ಯಾವುದಕ್ಕೆ ಹೆದರಿದ್ದಾರೆಂದು... ಎಂದಾದರೂ ಪಕ್ಕದಲ್ಲಿ ಕುಳಿತು ಕೇಳಿದ್ದೀರಾ?