ನಾಲ್ಕೂ ಕಾಲಂ ಒಟ್ಟಿಗೆ

ಸಂಜೆ ಗಂಡಿನ ಕಡೆಯವರು ಬರುವವರಿದ್ದರು. ವಿಶಾಲಾಕ್ಷಮ್ಮ ಬೆಳಿಗ್ಗೆಯೇ ಮಗಳು ನಂದಿತಾಳನ್ನು ನಾಡಕಚೇರಿಯ ತಿದ್ದುಪಡಿ ಕೌಂಟರಿಗೆ ಕರೆತಂದರು. ಕಂಪ್ಯೂಟರಿನಲ್ಲಿ ತಿದ್ದಿದಂತೆ ಮನುಷ್ಯರೂ ಬದಲಾಗುವ ಸೌಲಭ್ಯ ಬಂದಮೇಲೆ ಮದುವೆ ಸೀಸನ್ನಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

“ಎತ್ತರ ಎರಡಿಂಚು ಕಮ್ಮಿ ಮಾಡಪ್ಪ, ಹುಡುಗ ಕುಳ್ಳ. ಬಣ್ಣ ಸ್ವಲ್ಪ ತಿಳಿಯಾಗ್ಲಿ. ವಯಸ್ಸು ಮೂವತ್ತೊಂದಿದೆ, ಇಪ್ಪತ್ತಾರು ಮಾಡು. ಕೋಪ ಪೂರ್ತಿ ತೆಗೆದುಬಿಡು.”

“ಒಂದೊಂದೇ ಕಾಲಂ ಮಾಡ್ಲಾ, ಒಟ್ಟಿಗೆ ಮಾಡ್ಲಾ ಅಮ್ಮ?” ಆಪರೇಟರ್ ಕೇಳಿದ. “ಒಂದೊಂದೇ ಅಂದ್ರೆ, ಅದ್ರಿಂದ ಏನೇನಾಗತ್ತೆ ಅಂತ ಮೊದ್ಲು ತೋರಿಸತ್ತೆ. ಒಟ್ಟಿಗೆ ಅಂದ್ರೆ ಏನೂ ಕೇಳಲ್ಲ.”

“ಒಟ್ಟಿಗೇ ಮಾಡು. ರಾಹುಕಾಲ ಬರ್ತಿದೆ.”

ಹೆಣ್ಣು ನೋಡುವ ಶಾಸ್ತ್ರಗಳಿಗೆ ಕೂತೂ ಕೂತೂ ಸಾಕಾಗಿದ್ದ ನಂದಿತಾ ಹೆಬ್ಬೆಟ್ಟು ಒತ್ತಿದಳು. ಮುಖದ ಬಣ್ಣ ತಿಳಿಯಾಯಿತು. ಸೀರೆಯ ಅಂಚು ನೆಲಕ್ಕೆ ತಾಗಿತು. ವಿಶಾಲಾಕ್ಷಮ್ಮ ನೆಟಿಕೆ ಮುರಿದು ದೃಷ್ಟಿ ತೆಗೆದರು.

ನಂದಿತಾ ಸುತ್ತ ನೋಡಿದಳು. “ಇಲ್ಲಿಗ್ಯಾಕಮ್ಮ ಬಂದ್ವಿ? ಡೇವಿಡ್ ರಿಜಿಸ್ಟ್ರಾರ್ ಆಫೀಸ್ ಹತ್ರ ಕಾಯ್ತಿರ್ತಾನೆ.”

ಬ್ಯಾಂಡ್‌ಸೆಟ್ಟಿನ ಡೇವಿಡ್! ಊರಿನವರ ಮದುವೆಗೆಲ್ಲ ಕ್ಲಾರಿನೆಟ್ ಊದಿ ತಾನು ಮಾತ್ರ ಮದುವೆಯಾಗದೆ ಉಳಿದವನು. ಅವನನ್ನು ಮರೆಸಲು ವಿಶಾಲಾಕ್ಷಮ್ಮ ಪೂರ್ತಿ ಐದು ವರ್ಷ ಹೆಣಗಿದ್ದರು. ಆ ಐದು ವರ್ಷವನ್ನೇ ಈಗ ತೆಗೆಸಿದ್ದರು.

“ವಾಪಸ್ ಮಾಡಪ್ಪ!”

“ಮಾಡ್ಬಹುದು. ಅವರೇ ಹೆಬ್ಬೆಟ್ಟು ಒತ್ತಬೇಕು.”

“ಒತ್ತೇ! ಇಲ್ದಿದ್ರೆ ಕಾಲು ಮುರೀತೀನಿ!” ವಿಶಾಲಾಕ್ಷಮ್ಮ ಕಿರುಚಿದರು.

ಐದು ವರ್ಷದ ಹಿಂದೆ ರಿಜಿಸ್ಟ್ರಾರ್ ಆಫೀಸಿಗೆ ಹೊರಟ ದಿನ ಇದೇ ಮಾತಿಗೆ ನಂದಿತಾ ರೇಗಿ, ಅತ್ತು, ಕೊನೆಗೆ ಸೋತು ಕೋಣೆ ಸೇರಿದ್ದಳು. ಈಗ ಅವಳಿಗೆ ಕೋಪವೇ ಬರಲಿಲ್ಲ.

“ಕೂಗ್ಬೇಡಮ್ಮ, ಬಿಪಿ ಜಾಸ್ತಿಯಾಗತ್ತೆ,” ಎಂದು ನಯವಾಗಿ ಹೇಳಿ, ನೆರಿಗೆ ಎತ್ತಿ ಹಿಡಿದು, ಮೆಟ್ಟಿಲಿಳಿದು ಹೋದಳು.